ಕಳಲೆ: ಒಂದು ಊರು, ಒಂದು ಮನೆತನ

ಮಲೆನಾಡಿನವರಿಗೆ ಕಳಲೆ ಎಂದರೆ ಊಟದ ಎಲೆಯ ನೆನಪು. ಮಳೆಗಾಲ ಹಿಡಿಯುತ್ತಿದ್ದಂತೆ ಬಿದಿರುಮೆಳೆಯ ಬುಡದಿಂದ ಮೇಲೇಳುವ ಎಳೆಯ ಮೊಳಕೆ ಅದು. ಹೆಚ್ಚಿ, ನೀರು ಬದಲಾಯಿಸುತ್ತ ದಿನಗಟ್ಟಲೆ ನೆನೆಯಿಟ್ಟು, ಅದರ ನಂಜನ್ನು ತೆಗೆದ ಹೊರತು ಅಡುಗೆಗೆ ಒದಗುವುದಿಲ್ಲ. ಮೈಸೂರು ಸೀಮೆಯವರಿಗಾದರೋ ಕಳಲೆ ಎಂಬುದು ನಂಜನಗೂಡಿನಿಂದ ಸುಮಾರು 5 ಕಿಲೋಮೀಟರು ದೂರದ ಒಂದು ಹಳ್ಳಿ. ನಂಜು ತೆಗೆಯಬೇಕಾದ ಕಳಲೆಯ ಪಕ್ಕದಲ್ಲಿಯೇ ನಂಜನ್ನುಂಡ ದೇವರು ಬಂದು ನೆಲೆಸಿದ್ದಾನೆಂಬುದು ಹರಟೆಗೆ ಸೊಗಸಾದ ವಸ್ತು. ಸ್ಥಳನಾಮದ ವಿಚಾರಕ್ಕೆ ಅಷ್ಟು ಭದ್ರವಾದ ಆಧಾರವಲ್ಲ. ಹಳೆಯ ಬರಹಗಳಲ್ಲಿ ಊರಿನ ಹೆಸರು ‘ಕಳುಲೆ’ ಎಂದೂ ಕಾಣುತ್ತದೆ. ತೆಲುಗರ ಸಾಹಿತ್ಯಚರಿತ್ರೆಯಲ್ಲಿ ಅದು ‘ಕಳುವೆ’ ಎಂದಾಗಿದೆ. ತೆಲುಗರಿಗೆ ಈ ಊರಿನ ಹೆಸರು ಏಕೆ ಬೇಕಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊರುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಇಂದಿಗೂ ನಮ್ಮ ಹೆಸರುಗಳ ಮುಂದೆ ನಿಲ್ಲುವ ಅಕ್ಷರಗಳಲ್ಲಿ ಒಂದು ಬಹುಮಟ್ಟಿಗೆ ಯಾವುದೋ ಹಳ್ಳಿಯದೇ ಆಗಿರುತ್ತದೆ. ಫ್ರಾನ್ಸಿನಲ್ಲಿಯೂ ಹೀಗೆಯೇ. ಪ್ಯಾರಿಸಿನ ಈಶಾನ್ಯಕ್ಕೆ ಕೂಸಿ ಎಂಬ ಸಣ್ಣ ಊರಿದೆ. ಮಧ್ಯಯುಗದಲ್ಲಿ ಅದರ ಹೆಸರಿನ ಪ್ರಭುಮನೆತನವೊಂದು, ದೊರೆತನವಿಲ್ಲದಿದ್ದರೂ, ದೊರೆಗಳ ಎದುರಿಗೆ ತಲೆಯೆತ್ತಿ ನಡೆಯಿತು. ಅವರು ಕಟ್ಟಿಸಿದ ಮಹಾಗೋಪುರವನ್ನು 1917ರಲ್ಲಿ ಜರ್ಮನ್ ಸೈನ್ಯ ಸಿಡಿಮದ್ದಿಟ್ಟು ಉರುಳಿಸಿತು. ಅಷ್ಟು ದೂರ ಹೋಗುವುದೇಕೆ? ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳಲ್ಲಿಯೇ ಅಂಥ ಊರುಗಳಿವೆ. ತಲಕಾಡಿನ ಗಂಗರನ್ನು ಎಲ್ಲರೂ ಬಲ್ಲರು. ಮೂಗೂರಿನಲ್ಲಿ ಪಾಳೆಯಗಾರರಿದ್ದರು. ಹದಿನಾರಿನ ಹೆಸರಿಲ್ಲದೆ ಮೈಸೂರು ಒಡೆಯರ ಮೂಲದ ಕಥೆ ಆರಂಭವಾಗುವುದೇ ಇಲ್ಲ. 1399ರಲ್ಲಿ ಯದುರಾಯನು ಕೈಹಿಡಿದದ್ದು ಹದಿನಾಡಿನ ಪ್ರಭುವಿನ ಮಗಳನ್ನು ಎಂದು ಪರಂಪರೆ. ಆದರೆ ದೊರೆಯಾಗದೆಯೇ ದೊರೆತನವನ್ನು ಆಳಿದ ಮನೆತನ ಇವುಗಳಲ್ಲಿ ಒಂದೇ, ಕಳಲೆಯದು.

ಕಳಲೆಯ ಅರಸರು ತಮ್ಮ ವಂಶವನ್ನು ದ್ವಾರಕೆಯ ಯಾದವರಿಗೆ ಒಯ್ದು ಮುಟ್ಟಿಸುತ್ತಾರೆ. ಮೈಸೂರಿನವರೂ ಹಾಗೆಯೇ ಹೇಳುತ್ತಾರಾದ್ದರಿಂದ, ಸಂಬಂಧ ಬೆಳೆಸುವುದಕ್ಕೆ ಎರಡು ಮನೆತನಗಳಿಗೂ ಇದರಿಂದ ಅನುಕೂಲವೇ ಆಗಿರಬೇಕು. ಊರಿನ ದೇವರು ಲಕ್ಷ್ಮೀಕಾಂತಸ್ವಾಮಿ. ಹಳೆಯ ವೈಭವವನ್ನು ಹುಡುಕಿಕೊಂಡು ಹೋದವರಿಗೆ ಆ ದೇವಾಲಯವೇ ಮುಖ್ಯವಾದ ಸಾಕ್ಷಿ. ಕೋಟೆ ಕೊತ್ತಲಗಳ ಬೆರಗನ್ನು ಬಯಸುವವರು ಚಿತ್ರದುರ್ಗಕ್ಕೆ ಹೋಗುವುದು ಲೇಸು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಮೇಲೆ ಮೈಸೂರು ಪಾಳೆಯಪಟ್ಟಾಗಿ ಉಳಿಯದೆ ರಾಜ್ಯವಾಯಿತು. ರಾಜ್ಯಕ್ಕೆ ಸೇನಾಪತಿ ಬೇಕು. ದಳವಾಯಿ ಎಂಬ ಆ ಪದವಿಯನ್ನು ಕಳಲೆಯವರಿಗೆ ಕೊಡತಕ್ಕದ್ದೆಂದು ರಾಜ ಒಡೆಯರಿಗೂ ಆ ಮನೆತನಕ್ಕೂ ಒಪ್ಪಂದವಾಯಿತೆಂದೂ, ಕರಿಕಾಲ ಮಲ್ಲರಾಜಯ್ಯನು ಮೊದಲ ದಳವಾಯಿಯಾದನೆಂದೂ ಹೇಳುತ್ತಾರೆ. ಮಧ್ಯೆ ಬೇರೆಯವರೂ ಆ ಪದವಿಯಲ್ಲಿ ಕುಳಿತದ್ದುಂಟು. ಆದರೂ ಕಾಲ ಕಳೆದಂತೆ ಕಳಲೆ ಮತ್ತು ದಳವಾಯಿ ಎಂಬ ಎರಡು ಮಾತುಗಳು ಒಂದನ್ನೊಂದು ಅಂಟಿಕೊಂಡವು. ಹೆಣ್ಣು ಕೊಟ್ಟು ತರುವ ಸಂಬಂಧ ಬೇರೆ. ಹೀಗೆ ಸೇನೆ ಒಂದು ಮನೆಯವರ ಕೈಯಲ್ಲಿ, ಅಂತಃಪುರದಲ್ಲಿಯೂ ಅದೇ ಮನೆಯ ಹೆಣ್ಣುಮಕ್ಕಳು. ಚಿಕ್ಕದೇವರಾಜ ಒಡೆಯರಂಥ ಗಟ್ಟಿಗ ದೊರೆ ಇರುವವರೆಗೆ ಇದರಿಂದ ಕೆಡುಕಾಗಲಿಲ್ಲ. ಅವರು 1704ರಲ್ಲಿ ತೀರಿಕೊಂಡರು. ಮುಂದೆ ಬಂದವರ ಕಾಲದಲ್ಲಿ ತಕ್ಕಡಿಯ ತಟ್ಟೆ ಮೆಲ್ಲಮೆಲ್ಲನೆ ಇನ್ನೊಂದು ಕಡೆಗೆ ವಾಲಿತು.

ಅದು ಪೂರ್ತಿ ವಾಲಿದ್ದು 1734ರಲ್ಲಿ. ದೊರೆ ಚಾಮರಾಜ ಒಡೆಯರು ದಳವಾಯಿಯ ಹಿಡಿತವನ್ನು ಸಡಿಲಿಸಲು ಕೈಹಾಕಿದರು. ದಳವಾಯಿ ದೇವರಾಜಯ್ಯ ಮತ್ತು ಅವನ ದಾಯಾದಿ ನಂಜರಾಜಯ್ಯ ಇಬ್ಬರೂ ಸೇರಿ ದೊರೆಯನ್ನೇ ಸಿಂಹಾಸನದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಅವರು ಅಲ್ಲಿಯೇ ಮಡಿದರು. ಬಾಲಕರಾಗಿದ್ದ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಅರಸುತನ ದರ್ಬಾರಿನ ಅಲಂಕಾರವಾಗಿ ಉಳಿಯಿತು.

ಅದರ ಮರುವರ್ಷವೇ, 1735ರಲ್ಲಿ, ಇದೇ ದೇವರಾಜಯ್ಯನು ನಂಜನಗೂಡಿನ ಬಳಿ ಕಪಿಲಾ ನದಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದನು. ಮೈಸೂರಿನಿಂದ ರೈಲಿನಲ್ಲಿ ನಂಜನಗೂಡಿಗೆ ಬಂದ ಹಳಬರಿಗೆ ಆ ಸೇತುವೆ ಚೆನ್ನಾಗಿ ನೆನಪಿರುತ್ತದೆ. ಎತ್ತಿನ ಗಾಡಿಗಳಿಗೆಂದು ಕಟ್ಟಿದ ಆ ಕಮಾನುಗಳ ಮೇಲೆ ಮುಂದೆ ಕಂಬಿಯನ್ನೂ ಹಾಸಿದರು. ಒಂದು ಮಗ್ಗುಲಿಗೆ ರೈಲು, ಇನ್ನೊಂದು ಮಗ್ಗುಲಿಗೆ ರಸ್ತೆ. ಮೀಟರ್ ಗೇಜಿನ ಕಾಲ ಮುಗಿಯುವವರೆಗೆ ಅದು ರೈಲಿನ ಭಾರವನ್ನೂ ಹೊತ್ತಿತು. ದೊರೆಯನ್ನು ಸೆರೆಗೆ ತಳ್ಳಿದ ಕೈಯೂ ಜಾತ್ರೆಗೆ ಬರುವ ಬಡಜನರಿಗೆ ಹೊಳೆ ದಾಟಿಸಿದ ಕೈಯೂ ಒಂದೇ ಎಂಬುದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು, ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳುತ್ತಾರೆ. ಪರೀಕ್ಷೆಯ ಪ್ರಶ್ನೆಗಳಿಗೆ ಒಗ್ಗಿದ ಮನಸ್ಸು ಅದು. ಸೇತುವೆಯೂ ನಿಜ, ಕಬ್ಬಾಳದುರ್ಗವೂ ನಿಜ.

ಮನೆತನದ ಕಥೆಯಲ್ಲಿ ಎಲ್ಲರಿಗಿಂತ ವಿಚಿತ್ರ ವ್ಯಕ್ತಿ ದೇವರಾಜಯ್ಯನ ತಮ್ಮ, ಕರಾಚೂರಿ ನಂಜರಾಜಯ್ಯ. ಹಿರಿಯ ನಂಜರಾಜಯ್ಯನ ತರುವಾಯ 1739ರಲ್ಲಿ ಈತ ಸರ್ವಾಧಿಕಾರಿಯಾದನು. ಅಣ್ಣನ ಕೈಯಲ್ಲಿ ಸೇನೆ, ತಮ್ಮನ ಕೈಯಲ್ಲಿ ಆಡಳಿತ ಮತ್ತು ಬೊಕ್ಕಸ. ತನ್ನ ಮಗಳನ್ನು ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು ದೊರೆಗೆ ಮಾವನೂ ಆದನು. 1749ರಲ್ಲಿ ದೇವನಹಳ್ಳಿಯ ಕೋಟೆಗೆ ಈತ ಮುತ್ತಿಗೆ ಹಾಕಿದ್ದಾಗ ಸೈನ್ಯದಲ್ಲಿ ಒಬ್ಬ ಸಾಹಸಿಯು ಕಣ್ಣಿಗೆ ಬಿದ್ದನು. ಮೆಚ್ಚಿ ಮೇಲಕ್ಕೆತ್ತಿದನು. ಅವನ ಹೆಸರು ಹೈದರ್.

ಆ ಮೇಲಿನದು ತಿರುಚಿನಾಪಳ್ಳಿಯ ಪ್ರಸಂಗ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದಾಲಿ ಒಂದು ಕಡೆ, ಚಂದಾಸಾಹೇಬ ಇನ್ನೊಂದು ಕಡೆ. ಅವರ ಬೆನ್ನಿಗೆ ಇಂಗ್ಲಿಷರು ಮತ್ತು ಫ್ರೆಂಚರು. ಸಹಾಯ ಮಾಡಿದರೆ ತಿರುಚಿನಾಪಳ್ಳಿಯನ್ನೇ ಕೊಡುವೆನೆಂದು ಮಹಮ್ಮದಾಲಿ ಮಾತು ಕೊಟ್ಟನು. ಹಿಂದೆ ಚಿಕ್ಕದೇವರಾಜರ ದಳವಾಯಿ ಕುಮಾರಯ್ಯನೂ ಆ ಕೋಟೆಯ ಮುಂದೆ ಬೀಡುಬಿಟ್ಟು ಬರಿಗೈಯಲ್ಲಿ ಹಿಂದಿರುಗಿದ್ದನು. ಕಳಲೆಯವರಿಗೆ ಆ ಬಂಡೆಯ ಮೇಲೆ ಹಳೆಯ ಕಣ್ಣು. ಅಣ್ಣ ಬೇಡವೆಂದರೂ ಕೇಳದೆ ನಂಜರಾಜಯ್ಯನು 1752ರಲ್ಲಿ ಸೈನ್ಯದೊಡನೆ ಹೊರಟನು. ಚಂದಾಸಾಹೇಬ ಆ ವರ್ಷವೇ ಹತನಾದನು. ಮಹಮ್ಮದಾಲಿ ಮಾತಿಗೆ ತಪ್ಪಿದನು. ಸಿಟ್ಟಿಗೆದ್ದ ನಂಜರಾಜಯ್ಯ ಫ್ರೆಂಚರ ಕಡೆಗೆ ತಿರುಗಿ, ಶ್ರೀರಂಗದಲ್ಲಿ ಬೀಡುಬಿಟ್ಟು, 1755ರ ತನಕ ಆ ಕೋಟೆಯನ್ನು ನೋಡುತ್ತ ಕುಳಿತನು. ಕೊಟ್ಟ ಮಾತು ಎನ್ನುವುದಕ್ಕೆ ರಾಜಕಾರಣದಲ್ಲಿ ಎಷ್ಟು ಬೆಲೆಯೆಂದು ತಿಳಿಯಲು ಮೂರು ವರ್ಷ ಬೇಕೆ? ತಾನೇ ಒಬ್ಬ ದೊರೆಯನ್ನು ಇಳಿಸಿದ ಮನೆಯವನು!

ಇತ್ತ ಮನೆ ಬರಿದಾಗಿತ್ತು. ಸೈನ್ಯ ಶ್ರೀರಂಗದಲ್ಲಿರುವಾಗಲೇ, 1755ರಲ್ಲಿ, ನಿಜಾಮ ಸಲಾಬತ್ ಜಂಗನು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದು ಕಪ್ಪ ಕೇಳಿದನು. ವಿನೋದವೆಂದರೆ, ನಮ್ಮ ಸರ್ವಾಧಿಕಾರಿ ಅಲ್ಲಿ ಫ್ರೆಂಚರ ಮಿತ್ರನಾಗಿರುವಾಗ ಇಲ್ಲಿ ಫ್ರೆಂಚರ ಫಿರಂಗಿಗಳೇ ಅವನ ರಾಜಧಾನಿಯ ಕಡೆಗೆ ಬಾಯಿ ತೆರೆದಿದ್ದವು. 56 ಲಕ್ಷಕ್ಕೆ ಒಪ್ಪಂದವಾಯಿತು. ಬೊಕ್ಕಸದಲ್ಲಿ ಅಷ್ಟೆಲ್ಲಿ? ದೇವಾಲಯಗಳ ಒಡವೆಗಳನ್ನು ತೆಗೆದು ಕೊಟ್ಟರೂ ಬಾಕಿ ತೀರಲಿಲ್ಲ; ಆಳುಗಳನ್ನು ಒತ್ತೆಯಿಟ್ಟರು. 1757ರಲ್ಲಿ ಪೇಶ್ವೆಯ ಸರದಿ. ಆಗ ಒತ್ತೆಯಾದದ್ದು ತಾಲ್ಲೂಕುಗಳು. ಈ ನಡುವೆ ಅಳಿಯ ದೊರೆಯು ಸ್ವತಂತ್ರವಾಗಲು ಯತ್ನಿಸಿದಾಗ ಮಾವನು ಅರಮನೆಯ ಮೇಲೆಯೇ ಫಿರಂಗಿ ಹಾರಿಸಿದನು. ಇದನ್ನು ಸಹಿಸದೆ ದೇವರಾಜಯ್ಯ ತಮ್ಮನನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದನು. ಸಂಬಳ ಕಾಣದ ಸಿಪಾಯಿಗಳು ಸರ್ವಾಧಿಕಾರಿಯ ಬಾಗಿಲಲ್ಲಿ ಧರಣಿ ಕುಳಿತರು. ಹೈದರನು ಮಧ್ಯಸ್ಥನಾಗಿ ಅಣ್ಣತಮ್ಮಂದಿರನ್ನು ಒಂದುಗೂಡಿಸಿದನು; ಸ್ವಲ್ಪ ಕಾಲದಲ್ಲಿಯೇ, 1758ರಲ್ಲಿ, ದೇವರಾಜಯ್ಯ ತೀರಿಕೊಂಡನು.

ಇಷ್ಟನ್ನೂ ಓದಿದವರಿಗೆ ಈ ಮನುಷ್ಯನು ಕೈಯಲ್ಲಿ ಲೇಖನಿ ಹಿಡಿದಿರಬಹುದೆಂಬ ಊಹೆ ಬರುವುದು ಕಷ್ಟ. ಆದರೆ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ನಂಜರಾಜಯ್ಯನಿಗೆ ಒಂದು ಸ್ಥಾನವಿದೆ. ಅದು ಬರಿಯ ಆಶ್ರಯದಾತನ ಸ್ಥಾನವಲ್ಲ. ಶಿವಭಕ್ತಿಯ ಪುರಾಣಗಳನ್ನೂ ಕ್ಷೇತ್ರಮಾಹಾತ್ಮ್ಯಗಳನ್ನೂ ಕನ್ನಡ ಗದ್ಯಕ್ಕೆ ತಂದವರಲ್ಲಿ ಆತ ಮುಖ್ಯನು. ಮಧುರೆಯ ಶಿವಲೀಲೆಗಳನ್ನು ಹೇಳುವ ಹಾಲಾಸ್ಯಮಾಹಾತ್ಮ್ಯ, ಶಿವಗಂಗೆಯನ್ನು ಕುರಿತ ಕಕುದ್ಗಿರಿಮಾಹಾತ್ಮ್ಯ, ನಂಜನಗೂಡಿನ ಮಹಿಮೆಯನ್ನು ವರ್ಣಿಸುವ ಗರಳಪುರಿಯ ಗ್ರಂಥ ಇವೆಲ್ಲ ಆತನ ಹೆಸರಿನಲ್ಲಿವೆ. ಆಸ್ಥಾನದ ಪಂಡಿತರ ಕೈ ಇವುಗಳಲ್ಲಿ ಎಷ್ಟಿದೆಯೆಂದು ಕೇಳುವವರು ಕೇಳಲಿ. ರಾಜರ ಹೆಸರಿನ ಎಲ್ಲ ಗ್ರಂಥಗಳಿಗೂ ಆ ಪ್ರಶ್ನೆ ಹತ್ತುತ್ತದೆ. ನನಗೆ ಮುಖ್ಯವಾಗಿ ತೋರುವುದು ಗದ್ಯದ ಆಯ್ಕೆ. ಷಟ್ಪದಿ, ಸಾಂಗತ್ಯಗಳೇ ಮೆರೆಯುತ್ತಿದ್ದ ಕಾಲದಲ್ಲಿ ಅರಮನೆಯ ಸುತ್ತಿನವರು ಮಾತಿನ ನಡೆಯಲ್ಲಿ ಕಥೆ ಹೇಳಲು ಹೊರಟರು. ನಂಜರಾಜಯ್ಯನ ತಂದೆ ವೀರರಾಜನು ವೈದ್ಯಗ್ರಂಥವನ್ನು ಬರೆಯಿಸಿದ್ದಲ್ಲದೆ ತೆಲುಗಿನಲ್ಲಿ ಗದ್ಯಭಾರತವನ್ನು ರಚಿಸಿದನು. ತೆಲುಗು ಗದ್ಯದ ಆರಂಭವನ್ನು ಹುಡುಕುವವರು ಕಪಿಲೆಯ ದಡದ ಈ ಊರಿಗೆ ಬರಲೇಬೇಕು. ‘ಕಳುವೆ ವೀರರಾಜು’ ಎಂದು ಅವರು ಬರೆಯುವ ಹೆಸರು ನಮ್ಮ ಕಳಲೆಯದೇ.

ಸಂಸ್ಕೃತದಲ್ಲಿ ನರಸಿಂಹಕವಿಯು ‘ನಂಜರಾಜಯಶೋಭೂಷಣ’ ಎಂಬ ಅಲಂಕಾರಗ್ರಂಥವನ್ನು ಬರೆದನು. ಓರುಗಲ್ಲಿನ ಪ್ರತಾಪರುದ್ರನನ್ನು ಕುರಿತು ವಿದ್ಯಾನಾಥನು ಬರೆದ ಗ್ರಂಥ ಅದಕ್ಕೆ ಮಾದರಿ. ಯಾವ ಅಲಂಕಾರಕ್ಕೆ ಉದಾಹರಣೆ ಬೇಕಾದರೂ ನಂಜರಾಜನ ಹೊಗಳಿಕೆಯೇ ಸಿದ್ಧ. ನಾಟಕದ ಲಕ್ಷಣವನ್ನು ತೋರಿಸಲು ಒಂದು ನಾಟಕವನ್ನೇ ಒಳಗೆ ಸೇರಿಸಿ ನಂಜರಾಜನನ್ನು ಅದರ ನಾಯಕನನ್ನಾಗಿ ಮಾಡಿದ್ದಾನೆ. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1930ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ನಂಜರಾಜನು ಸೋಲರಿಯನು. ಸಿಪಾಯಿಗಳ ಸಂಬಳದ ವಿಷಯವಾಗಿ ಯಾವ ಅಲಂಕಾರವೂ ಹೊಂದಿಕೊಳ್ಳದೆ ಹೋದದ್ದು ಸಹಜವೇ.

1759ರಲ್ಲಿ ಹೈದರನು ನಂಜರಾಜಯ್ಯನನ್ನು ಅಧಿಕಾರದಿಂದ ಸರಿಸಿದನು. ಮೈಸೂರಿನಲ್ಲಿ ನೆಲೆಸಿದ್ದವನನ್ನು ಅಲ್ಲಿಂದಲೂ ಎಬ್ಬಿಸಿದ ಮೇಲೆ ಆತ ಪಡುವಣದ ಕೋಣನೂರಿಗೆ ಹೋಗಿ ನಿಂತನು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ 1760ರಲ್ಲಿ ಖಂಡೇರಾಯನು ದೊರೆಯ ಪರವಾಗಿ ಹೈದರನಿಗೆ ಎದುರು ನಿಂತನು. ಮರುವರ್ಷ ನಂಜನಗೂಡಿನ ಹತ್ತಿರವೇ ಹೈದರನಿಗೆ ಸೋಲಾಯಿತು. ಆಗ ಅವನು ಮಾಡಿದ್ದನ್ನು ವಿಲ್ಕ್ಸ್ ಬರೆದಿಟ್ಟಿದ್ದಾನೆ. ನೆಟ್ಟಗೆ ಕೋಣನೂರಿಗೆ ಹೋಗಿ, ತಾನು ಹೊರಗಟ್ಟಿದ ಹಳೆಯ ಒಡೆಯನ ಕಾಲಿಗೆ ಬಿದ್ದು, ತನ್ನ ಕೃತಘ್ನತೆಯನ್ನು ತಾನೇ ಒಪ್ಪಿಕೊಂಡು, ಮತ್ತೆ ಅಧಿಕಾರ ವಹಿಸಬೇಕೆಂದು ಬೇಡಿದನು. ನಂಜರಾಜಯ್ಯ ನಂಬಿದನು. ಮಹಮ್ಮದಾಲಿಯನ್ನು ನಂಬಿದವನಲ್ಲವೆ? ಆತನ ಮುದ್ರೆಯೊತ್ತಿದ ಪತ್ರಗಳು, ಖಂಡೇರಾಯನ ಸರದಾರರಿಗೆ ಬರೆದಂತೆ ಸೃಷ್ಟಿಯಾದವು, ಬೇಕೆಂದೇ ಖಂಡೇರಾಯನ ಕೈ ಸೇರಿದವು. ತನ್ನವರೇ ತನ್ನನ್ನು ಹಿಡಿದುಕೊಡಲಿದ್ದಾರೆಂದು ಹೆದರಿ ಅವನು ಪಾಳೆಯವನ್ನು ಬಿಟ್ಟು ಓಡಿದನು. ಹೈದರನು ಗೆದ್ದನು. ಕೆಲವು ವರ್ಷಗಳ ಮೇಲೆ ನಂಜರಾಜಯ್ಯನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿ ಕಾವಲಿನಲ್ಲಿಟ್ಟನು. 1773ರಲ್ಲಿ ಆತ ಸೆರೆಯಲ್ಲಿಯೇ ಮಡಿದನು, 1734ರಲ್ಲಿ ತನ್ನ ಮನೆಯವರು ಇಳಿಸಿದ ದೊರೆಯ ಹಾಗೆ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ವಿಸ್ತಾರವನ್ನು ನೋಡಿದವರು, ಅದನ್ನು ಹಿಗ್ಗಿಸಿದವರಲ್ಲಿ ಈತನೂ ಒಬ್ಬನೆಂಬುದನ್ನು ನೆನೆಯಬಹುದು. 147 ಕಂಬಗಳ ನಡುವೆ ನಿಂತಾಗ ಬೊಕ್ಕಸದ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ದಳವಾಯಿ ಪದವಿ ಅಳಿದರೂ ಕಳಲೆ ಮನೆತನ ಅಳಿಯಲಿಲ್ಲ. ಅರಮನೆಗೆ ಹೆಣ್ಣು ಕೊಡುವ ಸಂಬಂಧವೂ ತಪ್ಪಲಿಲ್ಲ. 1866ರಲ್ಲಿ ಆ ಮನೆತನದಲ್ಲಿ ಹುಟ್ಟಿದ ಕೆಂಪನಂಜಮ್ಮಣ್ಣಿಯವರು 1878ರಲ್ಲಿ ಚಾಮರಾಜೇಂದ್ರ ಒಡೆಯರ ಕೈಹಿಡಿದರು. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಹಿರಿಯ ಮಗನಿಗೆ ಹತ್ತು ವರ್ಷ. ರಾಜ್ಯಭಾರ ತಾಯಿಯ ಮೇಲೆ ಬಿದ್ದಿತು. ಬಾಲಕ ದೊರೆ, ಕಳಲೆಯವರ ಕೈಯಲ್ಲಿ ಅಧಿಕಾರ: 160 ವರ್ಷಗಳ ಹಿಂದಿನ ಸನ್ನಿವೇಶವೇ ಮತ್ತೆ ಬಂದಂತಾಯಿತು. ಪ್ಲೇಗಿನ ಹಾವಳಿಯೂ ಆ ವರ್ಷಗಳಲ್ಲಿಯೇ. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆಗ ಮೊದಲಾಯಿತು. ಆ ಜಲಾಶಯಕ್ಕೆ ಅವರ ಬಿರುದೇ ಹೆಸರಾಗಿ ವಾಣೀವಿಲಾಸಸಾಗರವಾಯಿತು. ಶಿವನಸಮುದ್ರದ ವಿದ್ಯುತ್ತು 1902ರ ಜೂನಿನಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ವರ್ಷ ಆಗಸ್ಟ್ 8ರಂದು ಮಹಾರಾಣಿಯವರು ಹದಿನೆಂಟು ತುಂಬಿದ ಮಗನಿಗೆ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ, ರಾಜ್ಯವನ್ನು ಒಪ್ಪಿಸಿಕೊಟ್ಟರು.