ಜಿಂಕೆಗೆ ಯಾವ ತೋಟಾ?

ಜಯನಗರದ ನಮ್ಮ ಮನೆಯ ಅಟ್ಟ ಗುಡಿಸುವಾಗ ಅಜ್ಜನ ತಗಡಿನ ಟ್ರಂಕಿನಲ್ಲಿ ಎರಡು ಖಾಲಿ ತೋಟಾ ಸಿಕ್ಕವು. 12 ಬೋರಿನ ಜೋಡುನಳಿಗೆ ಕೋವಿಯವು. ಕೆಂಪು ಕಾಗದದ ಕೊಳವೆ, ಬುಡದಲ್ಲಿ ಕಿಲುಬು ಹಿಡಿದ ಹಿತ್ತಾಳೆ, ಮೈಮೇಲೆ ಮಾಸಿದ ಎರಡಕ್ಷರ: ಎಲ್‌.ಜಿ. ಕೋವಿ ಮಲೆನಾಡಿನ ಮನೆಯಲ್ಲೇ ಕೈಬದಲಾಗಿ ಹೋಗಿತ್ತು. ತೋಟಾಗಳು ಮಾತ್ರ ಹೇಗೋ ಬೆಂಗಳೂರಿಗೆ ಬಂದಿದ್ದವು.

“ಅಪ್ಪಾ, ಇದರಲ್ಲಿ ಮುತ್ತಜ್ಜ ಜಿಂಕೆ ಹೊಡೀತಿದ್ರಾ?” ಎಂದಳು ಮಗಳು.

ಹೊಡೆಯುತ್ತಿದ್ದರು ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಎಲ್‌.ಜಿ. ಎಂದರೆ ಕಾಬೂಲು ಕಡಲೆಯಷ್ಟು ದಪ್ಪದ ಆರೇಳು ಸೀಸದ ಚರೆ. ನಳಿಗೆ ದಾಟಿದೊಡನೆ ಅವು ಚದುರತೊಡಗುತ್ತವೆ. ಹತ್ತಿರದಿಂದ ಬಿದ್ದ ಈಡು ಕೊಲ್ಲುತ್ತದೆ. ದೂರ ಹೆಚ್ಚಿದಷ್ಟೂ ಹೊಟ್ಟೆಗೊಂದು, ತೊಡೆಗೊಂದು ಚರೆ ಹೊಕ್ಕು ಜಿಂಕೆ ಓಡಿಬಿಡುತ್ತದೆ. ಯಾವುದೋ ಮಟ್ಟಿಯ ಮರೆಯಲ್ಲಿ ಮರುದಿನವೋ ಮೂರನೆಯ ದಿನವೋ ಸಾಯುತ್ತದೆ. “ಗಾಯವಾಗಿ ಹೋಯ್ತು” ಎಂಬ ಮಾತನ್ನು ಅಜ್ಜ ಯಾವಾಗಲೂ ದನಿ ತಗ್ಗಿಸಿ ಹೇಳುತ್ತಿದ್ದರು. ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೂ ಅಲೆದು ಬರಿಗೈಲಿ ಬಂದ ದಿನ ಅವರು ಊಟ ಮಾಡುತ್ತಿರಲಿಲ್ಲವಂತೆ. ಹೀಗೆಂದು ಹೇಳಿದವಳು ಅಜ್ಜಿ.

ಜಿಂಕೆಗೆ ಯಾವ ತೋಟಾ ಎಂಬುದು ಮೇಲ್ನೋಟಕ್ಕೆ ಲೆಕ್ಕಾಚಾರದ ಪ್ರಶ್ನೆ. ಅದರ ಒಳಗಿರುವುದು ಆ ಪ್ರಾಣಿ ಎಷ್ಟು ಹೊತ್ತು ನರಳಬೇಕು ಎಂಬ ಪ್ರಶ್ನೆ. ಬೇಟೆಗೆ ಇನ್ನೂ ಅನುಮತಿ ಇರುವ ದೇಶಗಳು ಇದಕ್ಕೆ ಅಂಕಿಗಳಲ್ಲಿ ಉತ್ತರ ಬರೆದಿವೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ರೈಫಲ್ಲಿನ ಬೋರು 0.240 ಅಂಗುಲಕ್ಕಿಂತ ಕಡಿಮೆ ಇರಬಾರದು, ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 2305 ಜೌಲ್ ಆದರೂ ಇರಬೇಕು. ಗುಂಡಿನ ಮೂತಿ ಮೆದುವಾಗಿರಬೇಕು ಇಲ್ಲವೇ ಪೊಳ್ಳಾಗಿರಬೇಕು. ಅಂಥ ಗುಂಡು ಒಳಹೊಕ್ಕೊಡನೆ ಬಿರಿದು ಅಗಲವಾಗುತ್ತದೆ. ಎದೆಗೂಡಿಗೆ ಬಿದ್ದರೆ ಪ್ರಾಣ ಬೇಗ ಹೋಗುತ್ತದೆ. ಸೈನಿಕರು ಬಳಸುವ, ಮೈಪೂರಾ ಲೋಹ ಹೊದ್ದ ಗುಂಡು ಸಣ್ಣ ತೂತು ಮಾಡಿ ಆಚೆ ಹಾರಿಹೋಗಬಹುದು. ಇನ್ನು ನಮ್ಮಲ್ಲಿ ಲೈಸೆನ್ಸುದಾರರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ .32 ರಿವಾಲ್ವರಿನ ಗುಂಡಿನ ಶಕ್ತಿ 200 ಜೌಲನ್ನೂ ಮುಟ್ಟುವುದಿಲ್ಲ. ಅದರಿಂದ ಜಿಂಕೆಗೆ ಗುರಿಯಿಡುವುದು ಹಿಂಸೆಯೇ ಸರಿ.

ಬೋರು ದೊಡ್ಡದಾದರೆ ಮುಗಿಯಿತು ಎಂದೂ ತಿಳಿಯಬಾರದು. ತೇಜಸ್ವಿಯವರ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್, ಆನೇಕಲ್ಲಿನಾಚೆ ಜವಳಗಿರಿಯ ಕಾಡುಗಳಲ್ಲಿ ಹೆಗಲಿಗೆ ಹಾಕಿಕೊಂಡು ಅಲೆದದ್ದು .405 ವಿಂಚೆಸ್ಟರ್. ಅದರ ಗುಂಡು ಸುಮಾರು 19 ಗ್ರಾಂ ತೂಗುತ್ತದೆ. ಜಿಮ್ ಕಾರ್ಬೆಟ್ ನೆಚ್ಚಿಕೊಂಡದ್ದು ಅದಕ್ಕಿಂತ ಎಷ್ಟೋ ಸಣ್ಣದಾದ .275 ರಿಗ್ಬಿಯನ್ನು. ಗುಂಡು ಎಲ್ಲಿ ಬೀಳುತ್ತದೆ ಎಂಬುದು ಅದರ ತೂಕದಷ್ಟೇ ಮುಖ್ಯವೆಂದು ಇಬ್ಬರೂ ಬಲ್ಲವರಾಗಿದ್ದರು.

ಪ್ರಾಣಿ ನರಳದಂತೆ ಹೊಡೆಯಬೇಕೆಂಬ ಈ ವಿವೇಕ ನಮ್ಮ ಕಾನೂನಿನಲ್ಲೂ ಇತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಾಗ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿಗಳೆಲ್ಲ ಲೈಸೆನ್ಸ್ ಪಡೆದು ಬೇಟೆಯಾಡಬಹುದಾದ ದೊಡ್ಡ ಪ್ರಾಣಿಗಳ ಪಟ್ಟಿಯಲ್ಲಿದ್ದವು. ಆದರೆ 17ನೇ ಕಲಂ ಕಟ್ಟುನಿಟ್ಟಾಗಿತ್ತು. ರೈಫಲ್ಲಿನಿಂದಲೇ ಹೊಡೆಯಬೇಕು, ಲೈಸೆನ್ಸಿನಲ್ಲಿ ವಿಶೇಷ ಅನುಮತಿ ಇದ್ದರೆ ಮಾತ್ರ ಕೋವಿ, ಅದೂ ಒಂಟಿ ಗುಂಡಿನದು. ರಾತ್ರಿ ಕೂಡದು, ಬೆಳಕು ಬಿಟ್ಟು ಕಣ್ಣು ಕುಕ್ಕಿಸುವುದು ಕೂಡದು, ವಾಹನದಿಂದ ಕೂಡದು, ನೀರಿಗೆ ಬಂದ ಪ್ರಾಣಿಯನ್ನು ಹೊಡೆಯಕೂಡದು. ಟ್ರಂಕಿನ ಎಲ್‌.ಜಿ. ತೋಟಾಗಳಿಗೆ ಆ ಕಲಮಿನಲ್ಲಿ ಜಾಗವೇ ಇರಲಿಲ್ಲ. 1991ರ ತಿದ್ದುಪಡಿಯಲ್ಲಿ ಇಂಥ ಬೇಟೆಯ ಲೈಸೆನ್ಸೇ ಹೋಯಿತು, ಅದರೊಂದಿಗೆ 17ನೇ ಕಲಮೂ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಕಾಡೇ ಕಿರಿದಾದ ಮೇಲೆ ಯಾವ ತೋಟಾವೂ ಸೂಕ್ತವಲ್ಲ.

ಇಂದು ಕದ್ದು ಬೇಟೆಯಾಡುವವನನ್ನು ನೋಡಿ. ರದ್ದಾದ ಆ ಕಲಮಿನ ಒಂದೊಂದು ಮಾತನ್ನೂ ಹುಡುಕಿ ಹುಡುಕಿ ಮುರಿಯುತ್ತಾನೆ. ರಾತ್ರಿ, ಟಾರ್ಚು, ನೀರಿನ ಗುಂಡಿಯ ಪಕ್ಕ, ನಾಡಕೋವಿ, ಅದೂ ಇಲ್ಲದಿದ್ದರೆ ತಂತಿಯ ಉರುಳು. ಇದು ದೂರದ ಸುದ್ದಿಯೂ ಅಲ್ಲ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಪಕ್ಕದಲ್ಲೇ ಹಾದುಹೋಗುವ ರಸ್ತೆ ಬನ್ನೇರುಘಟ್ಟದ ಕಾಡನ್ನು ಮುಟ್ಟುತ್ತದೆ.

ಕೆಲವು ವರ್ಷಗಳ ಹಿಂದೆ ಆ ಕಾಡಂಚಿನ ತೋಟದ ಮನೆಯೊಂದಕ್ಕೆ ಊಟಕ್ಕೆ ಹೋಗಿದ್ದೆ. ಬಡಿಸುತ್ತಿದ್ದವರು ಬಗ್ಗಿ, “ಸ್ಪೆಷಲ್ ಇದೆ ಸಾರ್, ಕಡವೆ” ಎಂದರು. ಕರಿ ಮಸಾಲೆಯಲ್ಲಿ ಮುಳುಗಿದ ನಾಲ್ಕು ತುಂಡು. ಒಂದು ತುಂಡಿನ ಅಂಚಿನಲ್ಲಿ ಚರೆ ಕೂತ ಕಪ್ಪು ಗುಳಿ ಕಾಣುತ್ತಿತ್ತು. ಆ ಕಡವೆ ಎಷ್ಟು ದೂರ ಓಡಿರಬಹುದು, ಯಾವ ಮಟ್ಟಿಯಲ್ಲಿ ಬಿದ್ದಿರಬಹುದು ಎಂದು ಯೋಚಿಸುತ್ತಾ ತಟ್ಟೆ ಸರಿಸಿ ಎದ್ದು ಬಂದೆ. ಯಾರಿಗೂ ದೂರು ಕೊಡಲಿಲ್ಲ. ಸ್ನೇಹ ಕೆಡುತ್ತದೆಂದು ಸುಮ್ಮನಾದದ್ದು ನನ್ನ ತಪ್ಪು.

ಬನ್ನೇರುಘಟ್ಟದಂಥ ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲಿದೆ. ನಿಮ್ಮ ತಟ್ಟೆಗೂ ಇಂಥದ್ದು ಬಂದರೆ ಎದ್ದು ಬಂದರಷ್ಟೇ ಸಾಲದು, ದಯವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ 1926.