ಫಲಿತಾಂಶದ ದಿನವೂ ಬೆಕ್ಕಿನ ಮರಿಗಳಿಗೆ ಹಸಿವಾಗುತ್ತದೆ

ಚುನಾವಣೆ ಎಂಬುದು ನಮ್ಮ ಮನೆಗಳಲ್ಲಿ ಒಂದು ಬಗೆಯ ಜ್ವರವಾಗಿ ಮಾರ್ಪಟ್ಟಿದೆ. ದಿನಾಂಕ ಪ್ರಕಟವಾದೊಡನೆ ಏರತೊಡಗುತ್ತದೆ. ಮತದಾನದ ದಿನ ಮೈ ಸುಡುತ್ತದೆ. ಫಲಿತಾಂಶ ಬಂದು ಮೂರು ದಿನಗಳಲ್ಲಿ ಇಳಿದು ಹೋಗುತ್ತದೆ. ಆ ಬಳಿಕ ಐದು ವರ್ಷಗಳ ನಿದ್ದೆ. ಅಷ್ಟಕ್ಕೂ, ಭಯಪಡುವುದು ಮತ್ತು ನಿಟ್ಟುಸಿರು ಬಿಡುವುದು- ಇವೆರಡರ ಹೊರತಾಗಿ ಚುನಾವಣೆಯ ಕುರಿತಂತೆ ನಮ್ಮಲ್ಲಿರುವ ಪ್ರತಿಕ್ರಿಯೆಯಾದರೂ ಯಾವುದು?

2024ರ ಲೋಕಸಭಾ ಚುನಾವಣೆಯು ಏಪ್ರಿಲ್ 19ರಿಂದ ಜೂನ್ 1ರ ವರೆಗೆ 7 ಹಂತಗಳಲ್ಲಿ ನಡೆಯಿತು. ಏಪ್ರಿಲ್ 21ರಂದು ರಾಜಸ್ಥಾನದ ಬಾಂಸವಾಡದ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ನುಸುಳುಕೋರರ ಬಗ್ಗೆ, ಹೆಚ್ಚು ಮಕ್ಕಳನ್ನು ಹೆರುವವರ ಬಗ್ಗೆ ಮಾತಾಡಿದರು. ಆ ಭಾಷಣ ಟಿ.ವಿ.ಯಲ್ಲಿ ಮತ್ತೆ ಮತ್ತೆ ಪ್ರಸಾರವಾಗುತ್ತಿದ್ದ ರಾತ್ರಿ, ಎಂಟರ ಹರೆಯದ ನನ್ನ ಮಗಳು, ‘ಬಾಪಾ, ನುಸುಳುಕೋರರು ಅಂದರೆ ಯಾರು?’ ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಉಮ್ಮ ಎದ್ದು ಹೋಗಿ ಟಿ.ವಿ. ಆರಿಸಿದರು. ಆದರೆ ಆರಿಸಿದ್ದು ಟಿ.ವಿ.ಯನ್ನೇ ಹೊರತು ಪ್ರಶ್ನೆಯನ್ನಲ್ಲ. ಆ ವಾರ ಇಂಥ ಪ್ರಶ್ನೆಗೆ ಮುಖಾಮುಖಿಯಾದ ಮನೆಗಳು ಈ ದೇಶದಲ್ಲಿ ಎಷ್ಟಿದ್ದುವೋ!

ಕರಾವಳಿಯೂ ಸೇರಿದಂತೆ ರಾಜ್ಯದ 14 ಕ್ಷೇತ್ರಗಳಲ್ಲಿ ಏಪ್ರಿಲ್ 26ರಂದು ಮತದಾನವಾಯಿತು. ಅಂದು ಶುಕ್ರವಾರ. ಜುಮಾಕ್ಕೆ ಮೊದಲೇ ಮತ ಹಾಕಿ ಮುಗಿಸಬೇಕೆಂಬ ಆತುರದಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಬೆಳಗ್ಗೆಯೇ ಸರತಿ ಸಾಲಿನಲ್ಲಿದ್ದುವು. ಅದಾಗಿ ಎರಡು ದಿನಗಳ ಬಳಿಕ, ನಮ್ಮ ಹಿತ್ತಿಲಿನ ಕಟ್ಟಿಗೆ ರಾಶಿಯ ನಡುವೆ ಮೂರು ಬೆಕ್ಕಿನ ಮರಿಗಳು ಕಾಣಿಸಿಕೊಂಡುವು. ತಾಯಿ ಬೆಕ್ಕು ಹಿಂದಿನ ರಾತ್ರಿ ರಸ್ತೆಯಲ್ಲಿ ವಾಹನದಡಿಗೆ ಸಿಲುಕಿ ಸತ್ತಿತ್ತು. ಮರಿಗಳ ಕಣ್ಣು ಇನ್ನೂ ತೆರೆದಿರಲಿಲ್ಲ. ‘ಕಂಡ ಮೇಲೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಮೋನೇ’ ಎಂದರು ಉಮ್ಮ. ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಸಾಕಿ, ಆ ಬಳಿಕ ಒಳ್ಳೆಯ ಮನೆಗಳಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು.

ಹೆತ್ತವಳಿಲ್ಲದ ಮರಿಯನ್ನು ಸಾಕುವುದು ಕರುಣೆಯಿಂದಷ್ಟೇ ಆಗುವ ಕೆಲಸವಲ್ಲ ಎಂಬುದು ಪಶುವೈದ್ಯರ ಬಳಿಗೆ ಹೋದಾಗ ಮನದಟ್ಟಾಯಿತು. ಹಸುವಿನ ಹಾಲು ಕೊಡಬಾರದು, ಅದರಲ್ಲಿರುವ ಸಕ್ಕರೆ ಅಂಶವನ್ನು ಜೀರ್ಣಿಸಿಕೊಳ್ಳಲಾಗದೆ ಮರಿಗಳಿಗೆ ಭೇದಿಯಾಗುತ್ತದೆ, ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು ಎಂದರು. ಹಾಲಿಗಿಂತ ಮೊದಲು ಶಾಖ ಕೊಡಬೇಕು. ಮೈ ತಣ್ಣಗಾದ ಮರಿಗೆ ಕುಡಿದದ್ದು ಅರಗುವುದಿಲ್ಲ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹೊಟ್ಟೆ ಕೆಳಗಾಗಿಯೇ ಇರಬೇಕು. ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಸಹಿತ, ಕುಡಿಸಬೇಕು. ಕುಡಿಸಿದ ಬಳಿಕ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಒರೆಸಬೇಕು. ಇಲ್ಲದಿದ್ದರೆ ಮೂತ್ರ ಮಾಡುವುದೂ ಅವಕ್ಕೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿದಿನ ತೂಗಿ ಬರೆದಿಡಬೇಕು. ಆರೋಗ್ಯವಂತ ಮರಿಯು ದಿನಕ್ಕೆ ಸುಮಾರು 10 ಗ್ರಾಮ್ ಹೆಚ್ಚುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಮರಿಯ ತೂಕ ಇಳಿಯುತ್ತಿದ್ದರೆ, ಅದು ಅಪಾಯದ ಮೊದಲ ಸೂಚನೆ.

ಮಗಳು ಅದಕ್ಕೆಂದೇ ಒಂದು ನೋಟ್‌ಬುಕ್ ಮಾಡಿಕೊಂಡಳು. ಹಗಲಿನ ಸರದಿ ಉಮ್ಮನದು ಮತ್ತು ಪತ್ನಿಯದು, ರಾತ್ರಿಯದ್ದು ನನ್ನದು. ರಾತ್ರಿ ಎರಡು ಗಂಟೆಗೆ ಹಾಲು ಬೆಚ್ಚಗೆ ಮಾಡುತ್ತಾ ಮೊಬೈಲ್ ತೆರೆದರೆ ಅಲ್ಲಿ ಚುನಾವಣೆಯ ಜ್ವರ. ಒಂದು ಸಂದೇಶ ನಾವು ಮುಗಿದೆವು ಎನ್ನುತ್ತಿತ್ತು. ಇನ್ನೊಂದು, ನಾವೇ ಗೆದ್ದೆವು ಎನ್ನುತ್ತಿತ್ತು. ಎರಡನ್ನೂ ಕಳುಹಿಸಿದವರು ಬಹುತೇಕ ಒಬ್ಬರೇ. ಓದಿದ ಬಳಿಕ ಏನು ಮಾಡಬೇಕು ಎಂಬುದು ಎರಡರಲ್ಲೂ ಇರಲಿಲ್ಲ. ಅಂಗೈಯಲ್ಲಿದ್ದ ಮರಿಯಾದರೋ ಯಾವುದೇ ಸಂದೇಶಕ್ಕೆ ಕಾಯುವಂತಿರಲಿಲ್ಲ. ಅದರ ಬೇಡಿಕೆ ಸ್ಪಷ್ಟವಿತ್ತು, ಸಮಯಬದ್ಧವಿತ್ತು.

ಮೂರರಲ್ಲಿ ಒಂದು ಬದುಕಲಿಲ್ಲ. ನೋಟ್‌ಬುಕ್‌ನಲ್ಲಿ ಅದರ ತೂಕ ಎರಡು ದಿನ ಸತತ ಇಳಿದಿತ್ತು. ವೈದ್ಯರು ತಮ್ಮಿಂದಾದುದನ್ನು ಮಾಡಿದರು. ತೆಂಗಿನ ಬುಡದಲ್ಲಿ ಅದನ್ನು ಹೂತು ಬಂದ ಮಗಳು ಅಳುತ್ತಲೇ ಉಳಿದೆರಡನ್ನು ತೂಗಿದಳು. ಅವುಗಳಿಗೆ ಹೊತ್ತು ಮೀರಿತ್ತು.

ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದುವು. ಹೆಚ್ಚಿನವು ಎನ್‌ಡಿಎ ಮೈತ್ರಿಕೂಟಕ್ಕೆ 350ಕ್ಕಿಂತಲೂ ಹೆಚ್ಚು ಸ್ಥಾನಗಳನ್ನು ಕೊಟ್ಟುವು. ಆ ರಾತ್ರಿ ನಮ್ಮ ಮನೆಯಲ್ಲಿ ಮಾತಿರಲಿಲ್ಲ. ಜೂನ್ 4ರಂದು ಮತ ಎಣಿಕೆಯಾದಾಗ ಚಿತ್ರ ಬೇರೆಯಿತ್ತು. ಬಿಜೆಪಿಗೆ 240, ಎನ್‌ಡಿಎಗೆ 293, ಕಾಂಗ್ರೆಸ್‌ಗೆ 99. ಅಯೋಧ್ಯೆ ಇರುವ ಫೈಝಾಬಾದ್‌ನ ಸಾಮಾನ್ಯ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದ ದಲಿತ ಅಭ್ಯರ್ಥಿ ಅವಧೇಶ್ ಪ್ರಸಾದ್ ಗೆದ್ದಿದ್ದರು. ಮೂರು ದಿನಗಳ ಹಿಂದೆ ನಾವು ಮುಗಿದೆವು ಎಂದವರು ಈಗ ಸಿಹಿ ಹಂಚುವ ಚಿತ್ರಗಳನ್ನು ಕಳುಹಿಸತೊಡಗಿದರು. ಬೀದಿಯ ಇನ್ನೊಂದು ತುದಿಯಲ್ಲಿ ಗೆದ್ದ ಪಕ್ಷದವರ ಪಟಾಕಿ. ಆ ಸದ್ದಿಗೆ ಎರಡೂ ಮರಿಗಳು ಅಕ್ಕಿ ಡಬ್ಬದ ಹಿಂದೆ ಅಡಗಿದುವು. ಸದ್ದಡಗಿದ ಬಳಿಕ ಹೊರಬಂದು, ಉಮ್ಮ ಮುಳ್ಳು ತೆಗೆದು ಮಸೆದಿಟ್ಟಿದ್ದ ಬೂತಾಯಿಗೆ ಬಾಯಿ ಹಾಕಿದುವು. ಆಗ ಅವುಗಳಿಗೆ ಆರು ವಾರ.

ಆ ನಿಟ್ಟುಸಿರು ಸಹಜವಾದದ್ದೇ. ಅದನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೆ ಅದರ ತೂಕವನ್ನೊಮ್ಮೆ ನೋಡೋಣ. 2019ರಲ್ಲಿ ಬಿಜೆಪಿ ಪಡೆದ ಮತ ಶೇ. 37.4. 2024ರಲ್ಲಿ ಶೇ. 36.6. ಸ್ಥಾನಗಳು 303ರಿಂದ 240ಕ್ಕೆ ಇಳಿದರೂ ಮತಗಳಲ್ಲಿ ಶೇಕಡಾ ಒಂದರಷ್ಟೂ ವ್ಯತ್ಯಾಸವಾಗಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮುಸ್ಲಿಮರು ಶೇ. 14.2. ಆದರೆ 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ ಆಯ್ಕೆಯಾದ ಮುಸ್ಲಿಮರು 24 ಮಂದಿ. 2004ರಲ್ಲಿ ಗುಲ್ಬರ್ಗದಿಂದ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿಯವರ ಬಳಿಕ ನಡೆದ ನಾಲ್ಕು ಮಹಾಚುನಾವಣೆಗಳಲ್ಲಿ ಕರ್ನಾಟಕದಿಂದ ಒಬ್ಬ ಮುಸ್ಲಿಮನೂ ಲೋಕಸಭೆಗೆ ಆಯ್ಕೆಯಾಗಿಲ್ಲ. ಭಯಪಟ್ಟ ರಾತ್ರಿಯಾಗಲಿ ಸಿಹಿ ಹಂಚಿದ ಹಗಲಾಗಲಿ ಈ ಅಂಕಿಗಳಲ್ಲಿ ಒಂದನ್ನಾದರೂ ಬದಲಿಸಿದೆಯೇ? ಭಯವೂ ಸಂಭ್ರಮವೂ ಪ್ರೇಕ್ಷಕರ ಭಾವನೆಗಳು. ಆಟದಲ್ಲಿರುವವನಿಗೆ ಇವೆರಡಕ್ಕೂ ಬಿಡುವಿರುವುದಿಲ್ಲ.

ಹಾಗಾದರೆ ಮಾಡಬೇಕಾದ ಕೆಲಸ ಯಾವುದು? ಅದು ತೂಗಿ ಬರೆದಿಡುವಂಥ, ಯಾರ ಚಪ್ಪಾಳೆಯೂ ಸಿಗದ ಕೆಲಸ. 2025ರ ಜೂನ್ 24ರಂದು ಚುನಾವಣಾ ಆಯೋಗವು ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಗೆ ಆದೇಶಿಸಿತು. ಆಗಸ್ಟ್ 1ರಂದು ಪ್ರಕಟವಾದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರು, ವಲಸೆ ಹೋದವರು, ಎರಡು ಕಡೆ ಹೆಸರಿದ್ದವರು ಎಂದು ಕಾರಣ ಕೊಡಲಾಯಿತು. ಈ ಕಾರಣಗಳ ಪ್ರಾಮಾಣಿಕತೆಯ ಬಗ್ಗೆ ಸುಪ್ರೀಮ್ ಕೋರ್ಟಿನಲ್ಲಿ ವಾದಗಳಾದುವು, ಆಗಬೇಕಾದುದೇ. ಆದರೆ ತನ್ನ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕಾದವರು ಯಾರು?

ನಮ್ಮ ಪಟ್ಟಣಗಳನ್ನೇ ನೋಡಿ. ಮದುವೆಯಾಗಿ ಗಂಡನ ಊರು ಸೇರಿದ ಹೆಣ್ಣು ಮಕ್ಕಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಅದನ್ನು ವರ್ಗಾಯಿಸಲು ನಮೂನೆ 8 ಇದೆ. 18 ತುಂಬಿದ ಮಗ ಬೈಕಿನ ಲೈಸೆನ್ಸ್‌ಗೆ ಓಡಾಡುತ್ತಾನೆ. ನಮೂನೆ 6 ತುಂಬಲು ಆತನಿಗೆ ಹೇಳುವವರಿಲ್ಲ. ಹೆಸರು ಸೇರಿಸಲು ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ- ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಒಂದನೇ ತಾರೀಕು. ಗಲ್ಫ್‌ನಲ್ಲಿರುವವರಿಗೆ ನಮೂನೆ 6ಎ ಇದೆ. ಆದರೆ ಮತ ಹಾಕಲು ಊರಿಗೇ ಬರಬೇಕು. ಒಂದೇ ಮನೆಯವರ ಹೆಸರಿನ ಕಾಗುಣಿತ ಮೂರು ದಾಖಲೆಗಳಲ್ಲಿ ಮೂರು ಬಗೆ. ನಮ್ಮ ಬೀದಿಯ ಬೂತ್ ಮಟ್ಟದ ಅಧಿಕಾರಿ ಯಾರು ಎಂದು ಕೇಳಿದರೆ ಹತ್ತರಲ್ಲಿ ಎಷ್ಟು ಮನೆಗಳು ಉತ್ತರಿಸಿಯಾವು?

ಬೆಕ್ಕನ್ನು ಕಟ್ಟಿಹಾಕಿ ಸಾಯಗೊಟ್ಟ ಮಹಿಳೆಯ ಕುರಿತು ಪ್ರವಾದಿ(ಸ)ರು ಹೇಳಿರುವುದು ನಮ್ಮ ಮಕ್ಕಳಿಗೂ ಗೊತ್ತು. ಆಕೆ ಅದನ್ನು ಹೊಡೆದಳೆಂದು ಅಲ್ಲಿಲ್ಲ. ಆಹಾರ ಕೊಡಲಿಲ್ಲ, ತಾನೇ ಹುಡುಕಿಕೊಳ್ಳಲೂ ಬಿಡಲಿಲ್ಲ- ಇಷ್ಟೇ. ನಿರ್ಲಕ್ಷ್ಯವೂ ಅಪರಾಧವೇ ಎಂಬುದು ಅದರ ಪಾಠ. ದುರ್ಬಲರ ಮೇಲೆ ದ್ವೇಷ ಕಾರುವವರ ಬಗ್ಗೆ ನಾವು ಧಾರಾಳ ಮಾತಾಡುತ್ತೇವೆ. ನಮ್ಮ ಸುಪರ್ದಿಯಲ್ಲೇ ಇರುವುದನ್ನು ನಾವು ನಿರ್ಲಕ್ಷಿಸುತ್ತಿರುವ ಬಗ್ಗೆ ಯಾವಾಗ ಮಾತಾಡುವುದು?

ಬಕ್ರೀದ್ ಕಳೆದ ವಾರ ಎರಡೂ ಮರಿಗಳನ್ನು ಒಪ್ಪಿಸಿದೆವು. ಒಂದು ಪತ್ನಿಯ ತಂಗಿಯ ಮನೆಗೆ ಹೋಯಿತು. ಇನ್ನೊಂದನ್ನು ಜೂನ್ 4ರಂದು ಪಟಾಕಿ ಸಿಡಿಸಿದವರ ಪೈಕಿ ಒಬ್ಬರು, ನಮ್ಮದೇ ಬೀದಿಯವರು, ಪತ್ನಿ ಸಮೇತ ಬಂದು ಒಯ್ದರು. ಹುಳದ ಔಷಧಿ ಯಾವಾಗ ಕೊಡಬೇಕು, ಲಸಿಕೆ ಯಾವಾಗ ಎಂದು ಮಗಳು ವಿವರಿಸಿದಳು. ಅವರು ಶ್ರದ್ಧೆಯಿಂದ ಬರೆದುಕೊಂಡರು. ‘ಹುಷಾರಾಗಿ ನೋಡಿಕೊಳ್ಳುತ್ತೇವೆ ಪುಟ್ಟಾ’ ಎಂದರು. ಇದರಿಂದ ಅವರ ಮತ ಬದಲಾದೀತು ಎಂಬ ಭ್ರಮೆ ನನಗಿಲ್ಲ. ಮುಂದಿನ ಬಾರಿಯೂ ಅವರು ಪಟಾಕಿ ಸಿಡಿಸಿಯಾರು. ಆದರೆ ನುಸುಳುಕೋರರು ಯಾರು ಎಂದು ಕೇಳಿದ ಮಗುವಿನ ಮುಂದೆ ಕುಳಿತು ಅವರು ಆ ದಿನ ಅದರ ಮಾತು ಕೇಳಿಸಿಕೊಂಡರು. ಬೀದಿಯೊಳಗೆ ಇಂಥ ದಾರಿಗಳು ಮುಚ್ಚದಂತೆ ನೋಡಿಕೊಳ್ಳುವುದು ಕೂಡ ಚುನಾವಣೆಗಳ ನಡುವೆ ಮಾಡಬೇಕಾದ ಕೆಲಸವೇ.

ಮಗಳು ಮೊದಲ ಬಾರಿಗೆ ಮತ ಹಾಕುವ ಹೊತ್ತಿಗೆ 2034 ಬಂದಿರುತ್ತದೆ. ಅಲ್ಲಿಯ ವರೆಗೆ ಆಕೆ ಮನೆಯಲ್ಲಿ ಏನನ್ನು ನೋಡುತ್ತಾ ಬೆಳೆಯುತ್ತಾಳೆ ಎಂಬುದು ನಮ್ಮ ಕೈಯಲ್ಲಿದೆ. ಈ ವಾರ ಮನೆಯವರೆಲ್ಲರ ಗುರುತಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಪಟ್ಟಿಯಲ್ಲಿ ಒಂದೊಂದು ಹೆಸರನ್ನೂ ಹುಡುಕಿ. ಮಕ್ಕಳ ಕೈಯಲ್ಲೇ ಬರೆಯಿಸಿ. ಬಳಿಕ ಪಕ್ಕದ ಮನೆಯ ಬಾಗಿಲು ತಟ್ಟಿ.