ಹೊಸ್ತಿಲಾಚೆಯ ಹೆಣ್ಣು

ವಿದ್ಯೆಯೊಂದು ದೊರೆತರೆ ಸ್ತ್ರೀಗೆ ಸ್ವಾತಂತ್ರ್ಯವು ತಾನಾಗಿ ಬರುವುದೆಂದು ನಮ್ಮ ಭಾಷಣಕಾರರು ಆಗಾಗ ಹೇಳುವುದುಂಟು. ನೀರಮಾನ್ವಿಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ನನಗೆ ಈ ಮಾತಿನಲ್ಲಿ ಪೂರ್ಣ ನಂಬಿಕೆಯಿಲ್ಲ. ನಾನೋದಿದ ಕಾದಂಬರಿಗಳಿಗೂ ಇದ್ದಂತಿಲ್ಲ.

1899ನೆಯ ಇಸವಿಯನ್ನು ನೋಡಿರಿ. ಆ ವರ್ಷ ಕೈರೋ ನಗರದಲ್ಲಿ ಕಾಸಿಂ ಅಮೀನನೆಂಬ ನ್ಯಾಯಾಧೀಶನು ಸ್ತ್ರೀವಿಮೋಚನೆಯನ್ನು ಕುರಿತು ಗ್ರಂಥ ಬರೆದು ಕೋಲಾಹಲವೆಬ್ಬಿಸಿದನು. ಅದೇ ವರ್ಷ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಅದರಲ್ಲಿ ಎಳೆವಯಸ್ಸಿನ ವಿಧವೆಯು ಮನೆ ಬಿಟ್ಟು, ವಿದ್ಯೆ ಕಲಿತು, ಮರುಮದುವೆಯಾಗುತ್ತಾಳೆ. ಎಲ್ಲಿಯ ಕೈರೋ, ಎಲ್ಲಿಯ ಮಂಗಳೂರು!

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. 1956ರಲ್ಲಿ ಹೊರಬಂದ ನಜೀಬ್ ಮಹಫೂಜರ ಕೈರೋ ಕಾದಂಬರಿತ್ರಯದ ಮೊದಲ ಭಾಗದಲ್ಲಿ ಅಮೀನಾ, ಗಂಡ ಊರಲ್ಲಿಲ್ಲದಾಗ ಮಸೀದಿಯ ದರ್ಶನಕ್ಕೆ ಹೋದಳೆಂಬ ಒಂದೇ ತಪ್ಪಿಗೆ ತವರಿಗೆ ಅಟ್ಟಲ್ಪಡುತ್ತಾಳೆ. ಆಕೆ ಶಾಲೆ ಕಂಡವಳಲ್ಲ, ಸರಿ. ಲತೀಫಾ ಅಲ್ ಜಯ್ಯಾತರ ‘ತೆರೆದ ಬಾಗಿಲು’ (1960) ಕಾದಂಬರಿಯ ಲೈಲಾ ವಿಶ್ವವಿದ್ಯಾನಿಲಯದಲ್ಲಿಯೇ ಓದುವವಳು. ಅವಳನ್ನು ಅಂಕೆಯಲ್ಲಿಡಲು ಬಂದ ವರನೋ, ಅವಳಿಗೆ ಪಾಠ ಹೇಳಿದ ಪ್ರೊಫೆಸರೇ! ವಿದ್ಯಾವಂತನ ದಬ್ಬಾಳಿಕೆ ತುಸು ನಯವಾಗಿರುತ್ತದೆ, ಅಷ್ಟೆ.

ಕಾಸರಗೋಡಿನಲ್ಲಿ ತಮ್ಮ ಸಮಾಜದೊಳಗೆ ಮೊದಮೊದಲು ಶಾಲೆ ಕಲಿತ ಹೆಣ್ಣುಮಕ್ಕಳಲ್ಲೊಬ್ಬರು ಸಾರಾ ಅಬೂಬಕ್ಕರ್ (1936–2023). ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ತಲಾಖನ್ನು ತಂದೆಯೇ ಮಾಡಿಸುತ್ತಾನೆ. ಪ್ರೀತಿಯ ಗಂಡನನ್ನು ಮರಳಿ ಪಡೆಯಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು! ಅವಳು ಮಸೀದಿಯ ಕೊಳ ಸೇರುತ್ತಾಳೆ. ನಿನ್ನ ಇಚ್ಛೆಯೇನೆಂದು ಆಕೆಯನ್ನು ಕೇಳಿದವರಾರು?

ಇನ್ನು ನಮ್ಮ ಸೀಮೆಯ ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ ಕನ್ನಡ ಶಾಲೆಗಳೇ ವಿರಳ. ಹುಡುಗಿಯರ ಓದು ದೂರವೇ ಉಳಿಯಿತು. ಈಗ, 2023ರ ಜೂನ್‌ನಿಂದೀಚೆಗೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೀಟಿನ ಹಣವೂ ಬೇಡವಾಗಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಪದವಿಯ ಬಳಿಕ ಕೆಲಸಕ್ಕೆ ಹೋಗಬೇಕೆ, ಯಾರನ್ನು ವರಿಸಬೇಕು ಎಂಬುದನ್ನು ಅಪ್ಪ, ಸೋದರಮಾವಂದಿರು ಕಟ್ಟೆಯ ಮೇಲೆ ಕುಳಿತು ನಿಶ್ಚಯಿಸುವುದು ತಪ್ಪಿಲ್ಲ. ಪದವಿಯೂ ಮದುವೆಯ ಮಾತುಕತೆಯಲ್ಲಿ ಒಂದು ಬಾಬತ್ತಾಗಿದೆ!

ಇಂಥ ಕಾದಂಬರಿಗಳನ್ನು ಹುಡುಗಿಯರು ಓದಬೇಕೆನ್ನುವವರಿದ್ದಾರೆ. ನಾನಾದರೋ, ಮೊದಲು ನಮ್ಮ ಅಣ್ಣತಮ್ಮಂದಿರ ಕೈಗೆ ಕೊಡಿರೆನ್ನುವೆನು. ಲೈಲಾಳ ಪ್ರೊಫೆಸರನನ್ನು ಅವರು ಗುರುತಿಸುವರೋ ಇಲ್ಲವೋ, ನೋಡಬೇಕು.